ಪೆನ್ರೀ ಫಾರ್ಮಿನ ಅಡುಗೆಮನೆ ನೆಲ

ಅಮೆರಿಕದ ಕೊಲಂಬಿಯಾ ಊರಿನ ಕನ್ನಡದವರು ಸಿದ್ದೇಶ್ವರಿಯನ್ನು ಗುರುತಿಸುತ್ತಿದ್ದದ್ದು ಯಶವಂತ್ ಹೆಂಡತಿ ಎಂದು, ಇಲ್ಲವೇ ಹರಿಣಿಯ ಅಮ್ಮ ಎಂದು. ಯುಗಾದಿಗೆ ಶಾಲೆಯೊಂದರ ಕೆಫೆಟೇರಿಯಾ ಹಿಡಿದು ಊಟ ಹಾಕುವಾಗ ಒಬ್ಬಟ್ಟಿನ ಕಣಕ ನಾದುವವಳು ಅವಳೇ. ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವ ಹೊತ್ತಿಗೆ ಪಾತ್ರೆ ತೊಳೆಯುವ ಕಡೆ ಇರುತ್ತಿದ್ದವಳೂ ಅವಳೇ. ಆದರೆ 2023ರ ಜನವರಿಯಿಂದ ಅವಳಿಗೆ ಇನ್ನೊಂದು ಕೆಲಸ ಅಂಟಿಕೊಂಡಿತ್ತು. ಪ್ರತಿ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ, ಇನ್ನೂರೈವತ್ತು ವರ್ಷ ಹಳೆಯ ಒಂದು ಅಡುಗೆಮನೆಯ ಒಲೆ ಹಚ್ಚುವುದು.

ಅದು ಪೆನ್ರೀ ಫಾರ್ಮ್. ಕೊಲಂಬಿಯಾದಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ. ಅಮೆರಿಕವೂ ಬ್ರಿಟಿಷರ ಕೈಯಲ್ಲಿದ್ದ ಕಾಲದ ಹೊಗೆಸೊಪ್ಪಿನ ತೋಟ. ಯಜಮಾನನ ಮನೆ, ಅದರಿಂದ ಮೂವತ್ತು ಹೆಜ್ಜೆ ದೂರದಲ್ಲಿ ಬೇರೆಯಾಗಿ ಕಟ್ಟಿದ ಅಡುಗೆಮನೆ, ಬಾವಿ, ದನದ ಕೊಟ್ಟಿಗೆ, ಸೊಪ್ಪು ಒಣಗಿಸುವ ಮರದ ಬ್ಯಾರನ್, ಎಲ್ಲವನ್ನೂ ಆಗ ಇದ್ದ ಹಾಗೆಯೇ ಉಳಿಸಿದ್ದಾರೆ. ಅಲ್ಲಿ ಕೆಲಸ ಮಾಡುವವರು ಆ ಕಾಲದ ಬಟ್ಟೆ ತೊಟ್ಟು, ಆ ಕಾಲದವರ ಹಾಗೆಯೇ ಉಳುತ್ತಾರೆ, ನೂಲುತ್ತಾರೆ, ಬೇಯಿಸುತ್ತಾರೆ. ಬಂದವರು ಸುತ್ತ ನಿಂತು ನೋಡುತ್ತಾರೆ.

ಸಿದ್ದೇಶ್ವರಿಯೂ ಮೊದಲು ಹೋದದ್ದು ನೋಡುವುದಕ್ಕೇ. ಹಿಂದಿನ ಅಕ್ಟೋಬರಿನಲ್ಲಿ, ಹರಿಣಿಯನ್ನು ಕರೆದುಕೊಂಡು, ಗೆಳತಿ ಇಂದುವಿನ ಮನೆಯವರ ಜೊತೆ. ಹತ್ತು ನಿಮಿಷಕ್ಕೆಲ್ಲ ಇಂದುವಿಗೆ ಸಾಕಾಗಿ ಹೋಯಿತು.

"ಒರಳು, ಒಲೆ, ಕೊಟ್ಟಿಗೆ! ಇದನ್ನ ನೋಡೋಕೆ ಟಿಕೆಟ್ಟು ಬೇರೆ. ನಮ್ಮಜ್ಜಿ ಮನೆಗೆ ಹೋಗಿದ್ರೆ ಊಟಾನೂ ಹಾಕ್ತಿದ್ರು ಕಣೇ" ಎಂದಳು ಇಂದು.

ಸಿದ್ದೇಶ್ವರಿ ನಗಲಿಲ್ಲ. ಅವಳು ಪಿರಿಯಾಪಟ್ಟಣದ ಕಡೆಯ ಹಳ್ಳಿಯವಳು, ಹೊಗೆಸೊಪ್ಪಿನ ಬ್ಯಾರನ್ನುಗಳ ನಡುವೆ ಬೆಳೆದವಳು. ಇಲ್ಲಿನ ಬ್ಯಾರನ್ನಿನೊಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿದ ಒಣಸೊಪ್ಪಿನ ಘಾಟಿಗೆ ಅವಳು ಸುಮ್ಮನೆ ಒಂದು ನಿಮಿಷ ನಿಂತುಬಿಟ್ಟಿದ್ದಳು. ಆಮೇಲೆ ಅಡುಗೆಮನೆಗೆ ಬಂದರೆ ಅಲ್ಲಿ ಬರೀ ಹೊಗೆ. ಕಾಲೇಜು ಹುಡುಗಿಯೊಬ್ಬಳು ಹಸಿ ಕಟ್ಟಿಗೆಯನ್ನು ಒಂದರ ಮೇಲೊಂದು ಒತ್ತಿಟ್ಟು, ಮೇಲಿನಿಂದ ಊದುತ್ತ, ಕಣ್ಣಲ್ಲಿ ನೀರು ಸುರಿಸುತ್ತಿದ್ದಳು. ಸಿದ್ದೇಶ್ವರಿ ಯಾರನ್ನೂ ಕೇಳಲಿಲ್ಲ. ಮುಂದೆ ಹೋಗಿ ಕೂತು, ಎರಡು ಕೊರಡು ಹೊರಗೆಳೆದು, ಉಳಿದವನ್ನು ಅಡ್ಡ ಇಟ್ಟು, ಅಡಿಯಲ್ಲಿ ಗಾಳಿಯಾಡಲು ಸಂದು ಮಾಡಿ, ನೆಲಕ್ಕೆ ಬಾಗಿ ಎರಡು ಸಲ ಊದಿದಳು. ಬೆಂಕಿ ಭಗ್ಗನೆ ಹತ್ತಿತು.

ಎದ್ದು ನೋಡಿದರೆ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ. ಅವಳಿಗೆ ನಾಚಿಕೆಯಾಗಿ ಹರಿಣಿಯ ಹಿಂದೆ ಹೋಗಿ ನಿಂತಳು.

ಆ ಅಡುಗೆಮನೆ ನೋಡಿಕೊಳ್ಳುತ್ತಿದ್ದವಳು ಲೊರೆಟ್ಟಾ. ಅರವತ್ತು ದಾಟಿದ, ಎತ್ತರದ, ಕಪ್ಪು ಅಮೆರಿಕನ್ ಹೆಂಗಸು. ಶಾಲೆಯಲ್ಲಿ ಚರಿತ್ರೆ ಕಲಿಸಿ ನಿವೃತ್ತಳಾದವಳು. "ಇಲ್ಲಿ ಒಲೆ ಹಚ್ಚೋಕೆ ಬರುವವರು ಬೇಕು. ಸಂಬಳ ಇಲ್ಲ. ಗುರುವಾರ ಬರ್ತೀರಾ?" ಎಂದು ಅವಳು ಕೇಳಿದಳು.

ಸಂಬಳ ಇಲ್ಲದಿರುವುದೇ ಸಿದ್ದೇಶ್ವರಿಗೆ ಬೇಕಾದದ್ದು. ಗಂಡನ ವೀಸಾದ ನೆರಳಲ್ಲಿ ಬಂದವಳು ಅವಳು, ದುಡಿಯುವಂತಿರಲಿಲ್ಲ. ಹನ್ನೊಂದು ವರ್ಷ ಮನೆಯೊಳಗೇ ಕಳೆದಿತ್ತು. ಎರಡನೇ ಪಿಯುಸಿಯ ಇಂಗ್ಲಿಷ್ ಪರೀಕ್ಷೆಗೆ ಹೆದರಿ ಓದು ಬಿಟ್ಟವಳಿಗೆ ಈ ದೇಶದ ಇಂಗ್ಲಿಷ್ ಕಿವಿಗೆ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಯಾರು ಏನು ಹೇಳಿದರೂ "ಎಸ್, ಎಸ್" ಎಂದು ತಲೆಯಾಡಿಸಿ ಅಷ್ಟು ವರ್ಷ ದೂಡಿದ್ದಳು. ಲೊರೆಟ್ಟಾಗೂ ಹಾಗೆಯೇ ತಲೆಯಾಡಿಸಿದಳು. ವ್ಯತ್ಯಾಸ ಇಷ್ಟೇ, ಈ ಸಲ ಮನಸ್ಸೂ ಹೂಂ ಎಂದಿತ್ತು.

ಜನವರಿಯಲ್ಲಿ ಹೊಸಬರಿಗೆ ಒಂದು ದಿನದ ತರಬೇತಿ ಇತ್ತು. ಬೆಳಿಗ್ಗೆ ಯಜಮಾನನ ಮನೆ, ಬ್ಯಾರನ್ನು, ಮಧ್ಯಾಹ್ನ ಅಡುಗೆಮನೆ. ಅವತ್ತೇ ಹರಿಣಿಗೆ ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟು. ಸಿದ್ದೇಶ್ವರಿಗೆ ಡ್ರೈವಿಂಗ್ ಬಾರದು. ಯಶವಂತ್ ಹನ್ನೆರಡಕ್ಕೇ ಬಂದು ಹಾರ್ನ್ ಹೊಡೆದ. "ಹೋಗಿ, ಹೋಗಿ. ಅಡುಗೆಮನೆ ವಿಷಯ ಗುರುವಾರ ನಾನೇ ಹೇಳ್ತೀನಿ" ಎಂದಳು ಲೊರೆಟ್ಟಾ. ಗುರುವಾರ ಬಂತು, ಒಲೆ ಹತ್ತಿತು, ಮುಸುಕಿನ ಜೋಳದ ರೊಟ್ಟಿ ಬೆಂದಿತು, ಶಾಲೆ ಮಕ್ಕಳು ಬಂದರು ಹೋದರು. ಹೇಳುವುದು ಉಳಿದೇಹೋಯಿತು.

ಲೊರೆಟ್ಟಾ ಅವಳಿಗೆ ಉದ್ದ ಲಂಗ, ಏಪ್ರನ್, ತಲೆಗೆ ಬಿಳಿ ಬಟ್ಟೆಯ ಟೊಪ್ಪಿ ಕೊಡಿಸಿದಳು. ಹೆಸರು ಪೂರ್ತಿ ಹೇಳಲು ನಾಲಿಗೆ ಹೊರಳದೆ "ಮಿಸ್ ಸಿದ್ದಿ" ಎಂದು ಕರೆದಳು. ಸಿದ್ದೇಶ್ವರಿ "ಮೇಡಂ" ಎಂದರೆ, "ಮೇಡಂ ಅಂತ ಕೋರ್ಟಲ್ಲಿ ಜಡ್ಜಿಗೆ ಅನ್ನು. ನಾನು ಲೊರೆಟ್ಟಾ" ಎಂದು ಗದರುತ್ತಿದ್ದಳು. ಮುಂದಿನ ವಾರ ಮತ್ತೆ ಮೇಡಂ. ಮಾರ್ಚಿನಲ್ಲಿ ಅಡುಗೆಮನೆಯ ಬೀಗದ ಕೈ ಕೂಡ ಸಿದ್ದೇಶ್ವರಿಯ ಕೈಗೆ ಬಂತು. ಅದನ್ನು ಅವಳು ಮನೆಯಲ್ಲಿ ದೇವರ ಗೂಡಿನ ಪಕ್ಕದ ಮೊಳೆಗೆ ನೇತುಹಾಕಿದಳು.

ಏಪ್ರಿಲಿನ ಒಂದು ಶನಿವಾರ ಫಾರ್ಮಿನಲ್ಲಿ ವಸಂತದ ತೆರೆದ ದಿನ. ಟಿಕೆಟ್ಟಿಲ್ಲದೆ ಯಾರು ಬೇಕಾದರೂ ಬರಬಹುದು. ನಾನೂರು ಜನ ಸೇರುವುದುಂಟು. ಅದರ ಹಿಂದಿನ ಗುರುವಾರ ಲೊರೆಟ್ಟಾ ಯಾವುದೋ ಮೀಟಿಂಗಿಗೆ ಅನಾಪೊಲಿಸ್‌ಗೆ ಹೋಗಿದ್ದಳು. ಮೇಜಿನ ಮೇಲೆ ಚೀಟಿ ಇತ್ತು: ಮಿಸ್ ಸಿದ್ದಿ, ಶನಿವಾರಕ್ಕೆ ಅಡುಗೆಮನೆ ಸಿದ್ಧ ಮಾಡಿಡು.

ಸಿದ್ದೇಶ್ವರಿ ಕಬ್ಬಿಣದ ಪಾತ್ರೆಗಳನ್ನು ಬೂದಿ ಹಾಕಿ ಉಜ್ಜಿದಳು. ಮೇಜು ತಿಕ್ಕಿದಳು. ಜೇಡ ತೆಗೆದಳು. ಎಲ್ಲ ಮುಗಿದ ಮೇಲೆ ಸೊಂಟದ ಮೇಲೆ ಕೈಯಿಟ್ಟು ನೋಡಿದರೆ ನೆಲ ಕಣ್ಣಿಗೆ ಚುಚ್ಚಿತು. ಮಣ್ಣಿನ ನೆಲ, ಚಳಿಗಾಲವೆಲ್ಲ ಬೂಟುಗಾಲುಗಳು ತುಳಿದು ಅಲ್ಲಲ್ಲಿ ಕಿತ್ತು ಧೂಳೆದ್ದಿತ್ತು. ಗುಡಿಸಿದಷ್ಟೂ ಧೂಳು. ನಾನೂರು ಜನ ಬರುವ ಮನೆಯ ನೆಲವೇ ಇದು?

ಹಬ್ಬಕ್ಕೆ ಮನೆ ಸಿದ್ಧ ಮಾಡು ಎಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ ರೀತಿ. ಹದಿನಾಲ್ಕು ವರ್ಷದವರೆಗೆ ಅವಳು ಬೆಳೆದ ಮನೆಯದೂ ಮಣ್ಣಿನ ನೆಲವೇ. ಶುಕ್ರವಾರ ಸೋಮವಾರ ಸಾರಿಸುವ ಪಾಳಿ ಅವಳದು. ಮರದ ಬಕೆಟ್ಟು ಹಿಡಿದು ಕೊಟ್ಟಿಗೆಗೆ ಹೋದಳು. ಎತ್ತು ನೋಡಿಕೊಳ್ಳುವವನು, "ಕೈತೋಟಕ್ಕಾ?" ಎಂದು ಕೇಳಿದ. "ಎಸ್, ಎಸ್" ಎಂದಳು.

ಸಗಣಿ ಅವಳಿಗೆ ಹಿಡಿಸಲಿಲ್ಲ. ಒಣಹುಲ್ಲು ತಿಂದ ಎತ್ತಿನದು, ಬರೀ ನಾರು. ಊರಿನಲ್ಲಿ ಅವ್ವ ಒಂದು ಹಿಡಿ ಕೆಮ್ಮಣ್ಣು ಕಲಸುತ್ತಿದ್ದಳು, ಆಗ ಸಾರಣೆ ನೆಲಕ್ಕೆ ಕಚ್ಚಿ ನಿಲ್ಲುತ್ತಿತ್ತು. ಇಲ್ಲಿ ಯಾರ ಜಾಗದಲ್ಲಿ ಮಣ್ಣು ಅಗೆಯುವುದು? ಇದ್ದದ್ದರಲ್ಲೇ ಆಗಲಿ ಎಂದು ನೀರು ಬೆರೆಸಿ, ನಾರು ಹಿಂಡಿ ತೆಗೆದು, ಲಂಗ ಎತ್ತಿ ಸಿಕ್ಕಿಸಿ ಕುಕ್ಕರಗಾಲಿನಲ್ಲಿ ಕೂತಳು.

ಒಲೆಯ ಎಡಗಡೆ ಮೂಲೆಗೆ ನಾಲ್ಕು ಗೂಟ ನೆಟ್ಟು ಮೊಣಕಾಲೆತ್ತರಕ್ಕೆ ಹಗ್ಗ ಕಟ್ಟಿದ್ದರು. ಮಕ್ಕಳು ಬೆಂಕಿಯ ಹತ್ತಿರ ಹೋಗದಿರಲಿ ಎಂದು ಕಟ್ಟಿದ್ದಾರೆಂದೇ ಮೂರು ತಿಂಗಳಿನಿಂದ ಅವಳು ತಿಳಿದಿದ್ದಳು. ಸಾರಿಸುವುದು ಮೂಲೆಯಿಂದಲೇ ಶುರುವಾಗಬೇಕು. ಮೂಲೆ ಬಿಟ್ಟು ಸಾರಿಸಿದರೆ ಅವ್ವ ಮೊಟಕುತ್ತಿದ್ದಳು. ಹಗ್ಗ ಬಿಚ್ಚಿ ಬದಿಗಿಟ್ಟಳು. ಕಿಟಕಿಯ ಬೆಳಕು ಅಲ್ಲಿಗೆ ಬೀಳುತ್ತಿರಲಿಲ್ಲ. ನೆಲದ ಮೇಲೆ ಗೀರು ಗೀರಾಗಿ ಏನೋ ಕಂಡಿತು. ಹಳೇ ನೆಲ, ಬಿರುಕು ಬಿಟ್ಟಿದೆ ಅಂದುಕೊಂಡಳು. ಬಲಗೈ ಅಗಲಿಸಿ ಮೊದಲ ಕಮಾನು ಎಳೆದಳು. ಆಮೇಲೆ ಹಿಂದೆ ಹಿಂದೆ ಸರಿಯುತ್ತ, ಕಮಾನಿನ ಪಕ್ಕ ಕಮಾನು ಕೂಡಿಸುತ್ತ, ಒಂದು ಗಂಟೆಯಲ್ಲಿ ಹೊಸ್ತಿಲಿಗೆ ಬಂದು ಮುಟ್ಟಿದಳು. ಒಣಗಲೆಂದು ಒಲೆಯಲ್ಲಿ ಸಣ್ಣ ಉರಿ ಬಿಟ್ಟಿದ್ದಳು. ಕಾಯುತ್ತ ಕೂತು, ನೆಲ ಕಾಲಿಗೆ ಅಂಟದಷ್ಟು ಆರಿದ ಮೇಲೆ ಗೂಟಕ್ಕೆ ಹಗ್ಗವನ್ನು ಮೊದಲಿನ ಹಾಗೆಯೇ ಕಟ್ಟಿ, ಬೆಂಕಿಗೆ ಬೂದಿ ಮುಚ್ಚಿ, ಹೊಸ್ತಿಲ ಮುಂದೆ ಗೋಧಿ ಹಿಟ್ಟಿನಲ್ಲಿ ನಾಲ್ಕು ಚುಕ್ಕಿಯ ಪುಟ್ಟ ರಂಗೋಲಿ ಇಟ್ಟಳು.

ಕರೆದುಕೊಂಡು ಹೋಗಲು ಬಂದ ಇಂದು ಕಾರಿನ ಕಿಟಕಿ ಇಳಿಸಿದಳು.

"ಏನೇ ಇದು, ನಿನ್ ಕೈ ವಾಸನೆ?"

"ಸಾರಿಸ್ದೆ."

"ಏನನ್ನ?"

"ಅಡುಗೆಮನೇನ. ಶನಿವಾರ ಜನ ಬರ್ತಾರಲ್ಲ."

ಇಂದು ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಕ್ಕಳು. "ಹಂಗೇ ನಮ್ಮನೆ ಕಾರ್ಪೆಟ್ಟೂ ಸಾರಿಸ್ಬಿಡು ಬಾರೇ, ಪುಣ್ಯ ಬರುತ್ತೆ!"

ಸಿದ್ದೇಶ್ವರಿ ಖುಷಿಯಲ್ಲಿದ್ದಳು. ಸಂಜೆ ಕಾಫಿ ಕುಡಿಯುವಾಗ ಗಂಡ, ಮಗಳಿಗೂ ಹೇಳಿದಳು. ಹರಿಣಿಗೆ ಹದಿನಾರು ವರ್ಷ. ಅವಳು ಫೋನಿನಿಂದ ತಲೆಯೆತ್ತಿದಳು.

"ವೆಯ್ಟ್. ಅಮ್ಮಾ, ನೀನು ಮ್ಯೂಸಿಯಂಗೆ ಪೂಪ್ ಹಚ್ಚಿದ್ಯಾ?"

"ಪೂಪ್ ಅನ್ಬೇಡ. ಸಗಣಿ."

"ಕೇಳಿದ್ಯಾ? ಪರ್ಮಿಷನ್ ಕೇಳಿದ್ಯಾ?"

"ಚೀಟಿ ಬರೆದಿದ್ರಲ್ಲ, ರೆಡಿ ಮಾಡು ಅಂತ."

ಹರಿಣಿ ಫಾರ್ಮಿನ ವೆಬ್‌ಸೈಟು ತೆರೆದಳು. ಅಡುಗೆಮನೆಯ ಪುಟ ಹುಡುಕಿದಳು. ನಿಧಾನವಾಗಿ ಓದಿ, ಫೋನನ್ನು ಮೇಜಿನ ಮೇಲೆ ಅಮ್ಮನ ಕಡೆಗೆ ತಳ್ಳಿದಳು. ಫೋಟೋದಲ್ಲಿ ಅದೇ ಮೂಲೆ, ಅದೇ ಹಗ್ಗ. ಹಗ್ಗದೊಳಗಿನ ನೆಲದ ಮೇಲೆ ಬೆರಳುಗಳು ಎಳೆದ ಕಮಾನುಗಳು, ದೀಪ ಓರೆ ಹಿಡಿದು ತೆಗೆದದ್ದರಿಂದ ಒಂದೊಂದೂ ಸ್ಪಷ್ಟ.

ಹರಿಣಿ ತನ್ನ ಮುರುಕು ಕನ್ನಡದಲ್ಲಿ ಅರ್ಥ ಹೇಳಿದಳು. ಅಡುಗೆಮನೆಯ ಉಳಿದ ನೆಲ ಈಚೆಗೆ ಮಾಡಿದ್ದು. ಆ ಮೂಲೆ ಮಾತ್ರ ಹಳೆಯದು. ಮುಂದೆ ಯಾರೋ ಅದರ ಮೇಲೆ ಹಲಗೆ ಹಾಸಿದ್ದರಿಂದ ಉಳಿದುಕೊಂಡಿತ್ತು. ಒಂಬತ್ತು ವರ್ಷದ ಹಿಂದೆ ಹಲಗೆ ಕಿತ್ತಾಗ ಸಿಕ್ಕಿತು. ಈ ತೋಟದಲ್ಲಿ ಗುಲಾಮರಾಗಿ ದುಡಿದವರು ಬಿಟ್ಟುಹೋದ ಗುರುತು ಅಂತ ಇರುವುದು ಅದೊಂದೇ. ಯಜಮಾನ ಸತ್ತಾಗ ಮಾಡಿದ ಆಸ್ತಿಪಟ್ಟಿಯಲ್ಲಿ ಅಡುಗೆಯವಳ ಹೆಸರಿದೆ, ಹೆಸ್ಟರ್ ಅಂತ. ತಾಮ್ರದ ಹಂಡೆ ಒಂದು, ಹೆಸ್ಟರ್, ಕರು ಎರಡು. ಆ ಬೆರಳು ಅವಳದ್ದೋ ಇನ್ಯಾರದ್ದೋ ಗೊತ್ತಿಲ್ಲ.

ಸಿದ್ದೇಶ್ವರಿ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಆಮೇಲೆ ತನ್ನ ಬಲಗೈ ನೋಡಿಕೊಂಡಳು. ಕಾಫಿ ಆರಿಹೋಯಿತು.

"ಈಗ ಫೋನ್ ಮಾಡ್ಬೇಕು" ಎಂದಳು.

"ಸುಮ್ನಿರು" ಎಂದ ಯಶವಂತ್. "ನೀನೇ ಮಾಡಿದ್ದು ಅಂತ ಯಾರು ನೋಡಿದಾರೆ? ಹಿಸ್ಟಾರಿಕ್ ಪ್ರಾಪರ್ಟಿ ಅದು. ಕೇಸು ಗೀಸು ಅಂದ್ರೆ ಗ್ರೀನ್ ಕಾರ್ಡ್ ಕಥೆ ಏನು? ಅವರೇ ಕೇಳಿದ್ರೆ ಆಮೇಲೆ ನೋಡೋಣ."

"ಅವರು ಕೇಳೋದು ನನ್ನನ್ನಲ್ಲ ರೀ. ಎತ್ತಿನವನನ್ನ ಕೇಳ್ತಾರೆ. ಸಗಣಿ ಅವನ ಹತ್ರ ಇರೋದು."

ಸಿದ್ದೇಶ್ವರಿ ಫೋನು ಹಿಡಿದಳು, ಇಂಗ್ಲಿಷ್ ವಾಕ್ಯ ಒಂದೂ ಕೂಡಿ ಬರಲಿಲ್ಲ, ಇಟ್ಟಳು. ಮುಖ ನೋಡಿಯೇ ಹೇಳಬೇಕು. ಮೊಳೆಯಿಂದ ಬೀಗದ ಕೈ ತೆಗೆದು ಪರ್ಸಿಗೆ ಹಾಕಿಕೊಂಡಳು, ವಾಪಸ್ ಕೊಡಬೇಕಾಗುತ್ತದೆ.

ಮರುದಿನ ಹರಿಣಿಗೆ ಸ್ಪ್ರಿಂಗ್ ಬ್ರೇಕಿನ ರಜೆ. "ಐ'ಲ್ ಡ್ರೈವ್. ಅಪ್ಪ ಬೈಯಲಿ" ಎಂದಳು. ದಾರಿಯುದ್ದಕ್ಕೂ ಸಿದ್ದೇಶ್ವರಿ ಒಂದು ಕಾಗದದಲ್ಲಿ ಬರೆದುಕೊಂಡ ಐದು ವಾಕ್ಯಗಳನ್ನು ಬಾಯಿಪಾಠ ಮಾಡಿದಳು. ಹರಿಣಿ ಅವನ್ನು ತಿದ್ದಿಕೊಟ್ಟಿದ್ದಳು.

ಅಡುಗೆಮನೆಯ ಬಾಗಿಲು ತೆರೆದಿತ್ತು. ಲೊರೆಟ್ಟಾ ಹಗ್ಗದ ಪಕ್ಕ ಮಂಡಿಯೂರಿ ಕೂತಿದ್ದಳು. ಹಿಂದೆ ಎತ್ತು ನೋಡಿಕೊಳ್ಳುವವನು ಟೊಪ್ಪಿ ಕೈಯಲ್ಲಿ ಹಿಡಿದು, "ಕೈತೋಟಕ್ಕೆ ಅಂತ ಹೇಳಿದ್ರು" ಎನ್ನುತ್ತಿದ್ದ.

ಸಿದ್ದೇಶ್ವರಿಗೆ ಐದು ವಾಕ್ಯವೂ ಮರೆತುಹೋದವು.

"ಮೇಡಂ, ನಾನು. ನನ್ನ ಕೈ. ಅವನಲ್ಲ." ಇಂಗ್ಲಿಷಿನಲ್ಲಿ ಮೊದಲು ಅಷ್ಟೇ ಬಂತು. ಆಮೇಲೆ ಒಂದೊಂದೇ ಪದ ಹುಡುಕಿ ಜೋಡಿಸುತ್ತ, "ನಮ್ಮ ಊರಲ್ಲಿ ಹಬ್ಬಕ್ಕೆ ನೆಲ ಹೀಗೆ ಮಾಡ್ತೀವಿ. ಆ ಮೂಲೆ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಎಸ್ ಎಸ್ ಅಂದೆ, ಕೇಳಲಿಲ್ಲ. ತಪ್ಪು ನನ್ನದು."

ಲೊರೆಟ್ಟಾ ತಿರುಗಿ ನೋಡಲಿಲ್ಲ.

"ಒಂಬತ್ತು ವರ್ಷ," ಎಂದಳು. "ಒಂಬತ್ತು ವರ್ಷದಿಂದ ಈ ಮೂಲೆಗೆ ನಾನೂ ಕಾಲಿಟ್ಟಿಲ್ಲ, ಮಿಸ್ ಸಿದ್ದಿ. ಪೊರಕೆ ಕೂಡ ತಾಕಿಸಿಲ್ಲ."

ಸಿದ್ದೇಶ್ವರಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ಹೋಗು ಎಂದು ಯಾರೂ ಹೇಳಲಿಲ್ಲ. ಅವಳು ಹೊಸ್ತಿಲ ಮೇಲೆ ಕೂತಳು, ಹರಿಣಿ ಅವಳ ಪಕ್ಕ. ನಿನ್ನೆಯ ರಂಗೋಲಿಯನ್ನು ಯಾರೋ ತುಳಿದಿದ್ದರು.

ಬಾಲ್ಟಿಮೋರಿನಲ್ಲಿ ಇಂಥ ಹಳೆಯ ನೆಲಗಳನ್ನು ಬಲ್ಲ ತಜ್ಞೆಯೊಬ್ಬಳಿದ್ದಳು. ಲೊರೆಟ್ಟಾ ಅವಳಿಗೆ ವಿಡಿಯೋ ಕರೆ ಮಾಡಿ ಮೂಲೆ ತೋರಿಸಿದಳು. ನೀರು ತಾಕಿಸಬೇಡಿ, ಕೆರೆಯಬೇಡಿ, ಮಂಗಳವಾರ ಬರುತ್ತೇನೆ ಎಂದಳು ಆಕೆ. ಅದರಷ್ಟಕ್ಕೆ ಏಳುತ್ತಿರುವ ಪದರವಿದ್ದರೆ ಮಾತ್ರ ಒಣ ಬ್ರಷ್ಷಿನಿಂದ, ತೆಳು ಅಲಗಿನಿಂದ ತೆಗೆಯಬಹುದು. ಪ್ರತಿ ಚೂರಿಗೂ ಮೊದಲು ಫೋಟೋ ತೆಗೆಯಬೇಕು.

ಲೊರೆಟ್ಟಾ ಗೋಡೆಯ ಬದಿಯ ಒಂದು ಅಂಚಿಗೆ ಅಲಗು ತೂರಿಸಿದಳು. ಪದರ ಮುರಿದು ಪುಡಿಯಾಯಿತು. ಇನ್ನೊಂದು ಕಡೆ ನೋಡಿದಳು. ಅಲ್ಲೂ ಪುಡಿ.

ಹೊಸ್ತಿಲಿನಿಂದ ಸಿದ್ದೇಶ್ವರಿಗೆ ಸುಮ್ಮನಿರಲು ಆಗಲಿಲ್ಲ.

"ಅಂಚಿಂದ ಬೇಡ ಮೇಡಂ. ಮಧ್ಯೆ, ಹಪ್ಪಳದ ಹಾಗೆ ಎದ್ದಿದೆ, ಅಲ್ಲಿ." ಹಪ್ಪಳಕ್ಕೆ ಇಂಗ್ಲಿಷ್ ಸಿಗದೆ ಅಂಗೈ ಬೋರಲು ಮಾಡಿ ಉಬ್ಬಿಸಿ ತೋರಿಸಿದಳು. "ಇದು ಕೆಟ್ಟ ಸಾರಣೆ. ಮಣ್ಣು ಕಲಸಿಲ್ಲ, ಬರೀ ಹುಲ್ಲಿನ ಸಗಣಿ. ನೆಲಕ್ಕೆ ಹಿಡಿಯೋದಿಲ್ಲ. ನಮ್ಮವ್ವ ನೋಡಿದ್ರೆ ಬೈತಿದ್ಲು. ಒಲೆ ಬಿಸಿಗೆ ಒಣಗಿ ತಾನೇ ಬಿಟ್ಕೊಳ್ತಾ ಇದೆ."

ಅವಳು ಒಂದೇ ಉಸಿರಿಗೆ ಇಷ್ಟು ಇಂಗ್ಲಿಷ್ ಮಾತಾಡಿದ್ದನ್ನು ಹರಿಣಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಲೊರೆಟ್ಟಾ ನಡುವಿನ ಉಬ್ಬನ್ನು ನೋಡಿದಳು. ತನ್ನ ಕೈಗೆ ಮೆತ್ತಿದ ಪುಡಿ ನೋಡಿದಳು. ಆಮೇಲೆ ಅಲಗಿನ ಹಿಡಿಯನ್ನು ಸಿದ್ದೇಶ್ವರಿಯ ಕಡೆ ತಿರುಗಿಸಿ ಚಾಚಿದಳು.

"ನಾನು ನೋಡ್ತಾ ಇರ್ತೀನಿ. ನಿಲ್ಲಿಸು ಅಂದಾಗ ನಿಲ್ಲಿಸ್ಬೇಕು."

ಸಿದ್ದೇಶ್ವರಿ ಚಪ್ಪಲಿ ಬಿಟ್ಟು ಹೋಗಿ, ನಿನ್ನೆ ಕೂತ ಹಾಗೆಯೇ ಕೂತಳು. ಉಬ್ಬಿದ ಜಾಗಕ್ಕೆ ಅಲಗು ತೂರಿಸಿ, ಮೇಲಕ್ಕೆ ಎತ್ತದೆ ಸುಮ್ಮನೆ ಹಿಡಿದಳು. ಅಂಗೈಯಷ್ಟಗಲದ ಚೂರು ಸುರುಳಿಯಾಗಿ ತಾನೇ ಮೇಲೆ ಬಂತು. ಅಡಿಯಲ್ಲಿ ಹಳೆಯ ನೆಲ. ಬೆರಳಿನ ಗೀರು ಇದ್ದ ಹಾಗೆಯೇ ಇತ್ತು.

ಲೊರೆಟ್ಟಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಮುಂದುವರಿಸು" ಎಂದಳು.

ಹರಿಣಿ ಒಂದೊಂದಕ್ಕೂ ಫೋಟೋ ತೆಗೆದಳು. ಮಧ್ಯಾಹ್ನ ಊಟ ಯಾರಿಗೂ ನೆನಪಾಗಲಿಲ್ಲ. ಯಶವಂತ್ ನಾಲ್ಕು ಸಲ ಫೋನ್ ಮಾಡಿದ; ಹರಿಣಿ "ಶಿ ಈಸ್ ವರ್ಕಿಂಗ್, ಅಪ್ಪ" ಎಂದು ಇಟ್ಟಳು. ನಾಲ್ಕು ಗಂಟೆಯ ಹೊತ್ತಿಗೆ ಮೂಲೆಯ ಮುಕ್ಕಾಲು ಭಾಗ ಬಿಡಿಸಿ ಆಗಿತ್ತು. ಗೋಡೆಗೆ ಒತ್ತಿದ ಒಂದು ಪಟ್ಟಿ ಮಾತ್ರ ಕಚ್ಚಿಕೊಂಡಿತ್ತು. ಅದನ್ನು ಮಂಗಳವಾರಕ್ಕೆ ಬಿಡಬೇಕಾಯಿತು. ಅದರಡಿಯಲ್ಲಿ ಎರಡು ಗೀರು ಅಳಿಸಿಹೋಗಿದ್ದರೂ ಹೋಗಿರಬಹುದು.

ಕೊನೆಯ ದೊಡ್ಡ ಚೂರನ್ನು ಅಂಗೈ ಮೇಲೆ ಹಿಡಿದುಕೊಂಡಿದ್ದಾಗ ಸಿದ್ದೇಶ್ವರಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಚೂರಿನ ಮೇಲೆ ಅವಳ ಕಮಾನು. ಕೆಳಗೆ ನೆಲದ ಮೇಲೆ ಹಳೆಯ ಕಮಾನು. ಅವಳದ್ದು ಬಲಕ್ಕೆ ಹೊರಳಿತ್ತು. ಅದು ಎಡಕ್ಕೆ ಹೊರಳಿತ್ತು.

ಅವಳು ಬಲಗೈಯನ್ನು ಗೀರುಗಳ ಮೇಲೆ, ತಾಕದ ಹಾಗೆ, ಗಾಳಿಯಲ್ಲಿ ಹಿಡಿದು ಎಳೆದಳು. ಹೊಂದಲಿಲ್ಲ. ಎಡಗೈ ಹಿಡಿದು ಎಳೆದಳು. ನಾಲ್ಕೂ ಬೆರಳು ನಾಲ್ಕು ಗೀರಿನ ಮೇಲೆ ನೇರ ಸಾಗಿದವು.

"ಮೇಡಂ, ಇವರು ಎಡಚರು."

"ಏನು?"

"ಎಡಗೈ. ಎಡಗೈಯಲ್ಲಿ ಕೆಲಸ ಮಾಡೋರು."

ಲೊರೆಟ್ಟಾ ಬಗ್ಗಿದಳು. ಚರಿತ್ರೆ ಕಲಿಸಿದವಳು, ಸುಲಭವಾಗಿ ಒಪ್ಪುವವಳಲ್ಲ. "ಆ ಕಡೆಯಿಂದ ಈ ಕಡೆಗೆ ಮುಖ ಮಾಡಿ ಕೂತು ಬಲಗೈಯಲ್ಲೇ ಎಳೆದಿದ್ರೆ?"

"ಆ ಕಡೆ ಎಲ್ಲಿ ಕೂರೋದು? ಒಲೆ. ಈ ಕಡೆ ಗೋಡೆ. ಕೂರೋಕೆ ಇರೋದು ಇಲ್ಲೇ, ನಾನು ಕೂತಿರೋ ಜಾಗ. ಹಿಂದೆ ಹಿಂದೆ ಹೋಗಿ ಬಾಗಿಲಿಗೆ ಮುಗಿಸ್ಬೇಕು. ಇಲ್ಲ ಅಂದ್ರೆ ಮಾಡಿದ್ದನ್ನ ತಾನೇ ತುಳೀಬೇಕಾಗುತ್ತೆ."

ಲೊರೆಟ್ಟಾ ಎದ್ದು ನಿಂತು, ಸಿದ್ದೇಶ್ವರಿ ಕೂತ ಜಾಗವನ್ನೂ ಬಾಗಿಲನ್ನೂ ಎರಡೆರಡು ಸಲ ನೋಡಿದಳು. ಒಂಬತ್ತು ವರ್ಷದಲ್ಲಿ ಬಂದ ತಜ್ಞರೆಲ್ಲ ನಿಂತು ನೋಡಿದ್ದರು, ಬಾಗಿ ನೋಡಿದ್ದರು, ಕೂತು ಯಾರೂ ನೋಡಿರಲಿಲ್ಲ. ಅವಳು ಗೋಡೆಯ ಗೂಡಿನಿಂದ ಅಡುಗೆಮನೆಯ ದಿನಚರಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

"ಎರಡೂ ಬರಿ. ನಿನ್ನೆ ಮಾಡಿದ್ದು ಒಂದು, ಇವತ್ತು ಕಂಡದ್ದು ಒಂದು. ಎರಡರ ಕೆಳಗೂ ನಿನ್ನ ಹೆಸರು, ಪೂರ್ತಿ ಹೆಸರು."

ಸಿದ್ದೇಶ್ವರಿ ಅರ್ಧ ಗಂಟೆ ಕೂತು ಬರೆದಳು. ಇಂಗ್ಲಿಷ್ ಸ್ಪೆಲಿಂಗಿಗೆ ಹರಿಣಿಯನ್ನು ಕೇಳುತ್ತ, ದುಂಡಗಿನ ಅಕ್ಷರದಲ್ಲಿ, ನಿನ್ನೆಯದು ಹತ್ತು ಸಾಲು, ಇವತ್ತಿನದು ಮೂರು ಸಾಲು. ಲೊರೆಟ್ಟಾ ಓದಿ ನೋಡಿ ಮುಚ್ಚಿಟ್ಟಳು. ಬೀಗದ ಕೈ ಮೇಜಿನ ಮೇಲೆಯೇ ಇತ್ತು.

"ಇದು ಸದ್ಯ ನನ್ನ ಹತ್ರ ಇರಲಿ" ಎಂದಳು. "ನಾಳೆ ಬಾ. ಇಲ್ಲಿನ ಲಂಗ, ಟೊಪ್ಪಿ ಬೇಡ. ಬಂದವರ ಜೊತೆ ಸೇರಿ ಪೂರ್ತಿ ಟೂರ್ ಮಾಡು. ಅವತ್ತು ಬಿಟ್ಟುಹೋದ ಅರ್ಧ. ನಾನೂ ಹೇಳದೆ ಬಿಟ್ಟ ಅರ್ಧ."

ಶನಿವಾರ ಸಿದ್ದೇಶ್ವರಿ ಚೂಡಿದಾರದ ಮೇಲೆ ಸ್ವೆಟರ್ ಹಾಕಿಕೊಂಡು, ಕೊರಳಿಗೆ ಸಂದರ್ಶಕರ ಕಾಗದದ ಬಿಲ್ಲೆ ನೇತುಹಾಕಿಕೊಂಡು, ಇಪ್ಪತ್ತು ಜನರ ಗುಂಪಿನ ಕೊನೆಯಲ್ಲಿ ನಿಂತಳು. ಯಶವಂತ್ ಕೂಡ ಬಂದಿದ್ದ. ಎಲ್ಲಿ ಯಾರು ಹೆಸರು ಹಿಡಿದು ಕರೆಯುತ್ತಾರೋ ಎಂದು ಕ್ಯಾಪ್ ಕಣ್ಣಿನ ಮಟ್ಟಕ್ಕೆ ಎಳೆದುಕೊಂಡಿದ್ದ. ಇಂದು ಮೂಗು ಅರಳಿಸಿ, "ವಾಸನೆ ಹೋಗಿದೆ ಕಣೇ. ನೆಲ ಮಾತ್ರ ಚೆನ್ನಾಗ್ ಕಾಣ್ತಿದೆ" ಎಂದು ಪಿಸುಗುಟ್ಟಿದಳು. ಉಳಿದ ನೆಲದ ಸಾರಣೆಯನ್ನು ಕೀಳಲು ಹೊತ್ತಿಲ್ಲದೆ ಹಾಗೆಯೇ ಬಿಟ್ಟಿದ್ದರು.

ಲೊರೆಟ್ಟಾ ಹಗ್ಗದ ಪಕ್ಕ ನಿಂತು ಹೇಳಿದಳು. ಹಲಗೆ ಕಿತ್ತ ದಿನದ ಕಥೆ, ಆಸ್ತಿಪಟ್ಟಿ, ತಾಮ್ರದ ಹಂಡೆಗೂ ಕರುಗಳಿಗೂ ನಡುವೆ ಬರೆದ ಹೆಸರು. ಸಿದ್ದೇಶ್ವರಿ ಈ ಸಲ ತಲೆಯಾಡಿಸದೆ ಕೇಳಿದಳು. ಅರ್ಥವಾಗದ ಒಂದು ಕಡೆ ಹರಿಣಿಯ ತೋಳು ಜಗ್ಗಿ ಕೇಳಿದಳು.

"ಇದು ಹೆಸ್ಟರಳ ಕೈಯೇ ಅಂತ ನಾವು ಹೇಳಲಾರೆವು" ಎಂದಳು ಲೊರೆಟ್ಟಾ. "ಆದರೆ ಯಾರದ್ದೇ ಆಗಿರಲಿ, ಅವರು ಎಡಗೈಯವರು. ಅದು ನಮಗೆ ನಿನ್ನೆ ತಿಳಿಯಿತು."

ಮುಂದೆ ನಿಂತಿದ್ದ ಮುದುಕರೊಬ್ಬರು ಕೇಳಿದರು: "ಹೇಗೆ ತಿಳಿಯಿತು?"

ಲೊರೆಟ್ಟಾ ಹಗ್ಗದಿಂದ ಎರಡು ಹೆಜ್ಜೆ ಬದಿಗೆ ಸರಿದಳು. ತಲೆಗಳ ಮೇಲಿಂದ ಗುಂಪಿನ ಕೊನೆಗೆ ನೋಡಿದಳು.

"ಮಿಸ್ ಸಿದ್ದೇಶ್ವರಿ, ನೀವೇ ಹೇಳಿ." ಹೆಸರನ್ನು ಅವಳು ನಿಲ್ಲಿಸಿ ನಿಲ್ಲಿಸಿ, ಪೂರ್ತಿ ಹೇಳಿದ್ದಳು.

ಇಪ್ಪತ್ತು ಮುಖಗಳು ತಿರುಗಿದವು. ಯಶವಂತ್ ಕ್ಯಾಪ್ ತೆಗೆದ. ಸಿದ್ದೇಶ್ವರಿಗೆ ಇಂಗ್ಲಿಷ್ ಮಾತು ಒಂದೂ ಹೊರಡಲಿಲ್ಲ. ಹೊರಡದಿದ್ದರೂ ಕಾಲು ನಡೆಯಿತು. ಜನ ದಾರಿ ಬಿಟ್ಟರು. ಹಗ್ಗದ ಹೊರಗೆ, ಮೂಲೆಗೆ ಮುಖ ಮಾಡಿ, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ ಅವಳು ಕುಕ್ಕರಗಾಲಿನಲ್ಲಿ ಕೂತಳು. ಎಡಗೈಯನ್ನು ನೆಲದಿಂದ ಒಂದು ಗೇಣು ಮೇಲೆ ಹಿಡಿದಳು. ರೂಢಿಯಿಲ್ಲದ ಕೈ, ಮೊದಲ ಕಮಾನು ಸೊಟ್ಟಗಾಯಿತು. ಎರಡನೆಯದು ಸರಿಹೋಯಿತು. ಒಂದು ಕಮಾನು ಮುಗಿಸಿ ಒಂದು ಹೆಜ್ಜೆ ಹಿಂದಕ್ಕೆ, ಮತ್ತೊಂದು ಕಮಾನು, ಮತ್ತೊಂದು ಹೆಜ್ಜೆ. ಹಿಂದೆ ನಿಂತವರು ಒಬ್ಬೊಬ್ಬರಾಗಿ ಎರಡು ಕಡೆಗೂ ಸರಿದು ಜಾಗ ಮಾಡಿದರು. ಬೆನ್ನಿಗೆ ಹೊಸ್ತಿಲು ತಾಕುವವರೆಗೂ ಅವಳು ಹಾಗೆಯೇ ಹೋದಳು.

ಹೊಸ್ತಿಲಾಚೆ ಕಾಲಿಟ್ಟು, ಸೊಂಟ ಹಿಡಿದುಕೊಂಡು ಎದ್ದು ನಿಂತು, "ದಟ್ಸ್ ಆಲ್" ಎಂದಳು.